147573952589676412927: ಕೈಯಾರೆ ಒಡೆದು ನೋಡಿದ ಲೆಕ್ಕ

147573952589676412927. ಇಪ್ಪತ್ತೊಂದು ಅಂಕಿ. ನಮ್ಮ ರೀತಿಯಲ್ಲಿ ಅಲ್ಪವಿರಾಮ ಹಾಕಿದರೆ 14,75,73,95,25,89,67,64,12,927. 2ರ 67ನೇ ಘಾತದಿಂದ 1 ಕಳೆದರೆ ಸಿಗುವ ಸಂಖ್ಯೆ ಇದು. ಇದರ ಕಥೆಯನ್ನು ಓದಿ ಬಹಳ ಕಾಲವಾಗಿತ್ತು. ಓದಿದ್ದನ್ನು ನಂಬಿ ಸುಮ್ಮನಿರುವ ಬದಲು ಕಾಗದ ಪೆನ್ನು ಹಿಡಿದು ಎಲ್ಲವನ್ನೂ ನಾನೇ ಮಾಡಿ ನೋಡಬೇಕು ಅನ್ನಿಸಿತು. ಕೈಯಲ್ಲಿ ಆಗದ ಕಡೆ ಮಾತ್ರ ಕಂಪ್ಯೂಟರ್ ತೆಗೆಯುವುದು ಅಂತ ಹೊರಟೆ.

ಮೊದಲು ಹಿನ್ನೆಲೆ. ಮರಾನ್ ಮರ್ಸೆನ್ ಎಂಬ ಫ್ರೆಂಚ್ ಸನ್ಯಾಸಿ 1644ರಲ್ಲಿ ಒಂದು ಪಟ್ಟಿ ಕೊಟ್ಟ. 2ರ ಘಾತದಿಂದ 1 ಕಳೆದಾಗ ಅವಿಭಾಜ್ಯ ಸಂಖ್ಯೆ ಯಾವಾಗ ಸಿಗುತ್ತದೆ? 257ರವರೆಗಿನ ಘಾತಗಳಲ್ಲಿ 2, 3, 5, 7, 13, 17, 19, 31, 67, 127, 257 ಮಾತ್ರ ಅಂದ. ಆಗ ಇವನ್ನೆಲ್ಲ ಪರೀಕ್ಷಿಸುವ ದಾರಿ ಯಾರಿಗೂ ಗೊತ್ತಿರಲಿಲ್ಲ. 31 ಸರಿ ಎಂದು ಗಣಿತಜ್ಞ ಆಯ್ಲರ್ ತೋರಿಸಿದ್ದೇ 1772ರಲ್ಲಿ. ಪಟ್ಟಿಯಲ್ಲಿ 67 ಮತ್ತು 257 ತಪ್ಪು, 61, 89, 107 ಬಿಟ್ಟುಹೋಗಿವೆ ಎಂದು ಪೂರ್ತಿ ಗೊತ್ತಾಗಲು ಸುಮಾರು ಮುನ್ನೂರು ವರ್ಷ ಬೇಕಾಯಿತು. 61 ಎಂದಿರಬೇಕಾದ ಕಡೆ 67 ಬಂದಿರಬಹುದು ಎಂದು ಊಹಿಸಿದವರೂ ಇದ್ದಾರೆ. ಏನೇ ಇರಲಿ, ಎರಡು ಶತಮಾನಕ್ಕೂ ಜಾಸ್ತಿ ಕಾಲ ಈ 21 ಅಂಕಿಯ ಸಂಖ್ಯೆ ಅವಿಭಾಜ್ಯಗಳ ಸಾಲಿನಲ್ಲೇ ಕೂತಿತ್ತು.

ಸಂಖ್ಯೆಯನ್ನು ಕಟ್ಟುವುದು ಸುಲಭ. 2ನ್ನು ಒಂದೊಂದಾಗಿ ಗುಣಿಸುತ್ತಾ ಹೋಗಬೇಕಿಲ್ಲ. 256ರ ವರ್ಗ 65536. ಅದರ ವರ್ಗ 4294967296, ಅಂದರೆ 2ರ 32ನೇ ಘಾತ. ಮತ್ತೊಮ್ಮೆ ವರ್ಗ ಮಾಡಿದರೆ 18446744073709551616. ಚದುರಂಗದ ಮಣೆಯ ಮೇಲೆ ಒಂದು, ಎರಡು, ನಾಲ್ಕು ಅಂತ ಕಾಳು ಇಡುವ ಹಳೆಯ ಲೆಕ್ಕದಲ್ಲಿ ಬರುವ ಸಂಖ್ಯೆಗಿಂತ ಇದು ಒಂದೇ ಒಂದು ಜಾಸ್ತಿ. ಇದನ್ನು 8ರಿಂದ ಗುಣಿಸಿ 1 ಕಳೆದರೆ ನಮ್ಮ ಸಂಖ್ಯೆ.

ಆಮೇಲೆ ಕೋಲ್ ಮಾಡಿದ ಗುಣಾಕಾರ. ಫ್ರಾಂಕ್ ನೆಲ್ಸನ್ ಕೋಲ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. 1903ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ ಅವನು ಎದ್ದು ಬಂದು, ಮಾತಾಡದೆ, ಬೋರ್ಡಿನ ಮೇಲೆ 2ರ 67ನೇ ಘಾತ ಲೆಕ್ಕ ಹಾಕಿ 1 ಕಳೆದ. ಪಕ್ಕದಲ್ಲಿ 193707721 × 761838257287 ಎಂದು ಬರೆದು ಗುಣಿಸಿದ. ಎರಡೂ ಒಂದೇ. ಸಭೆ ಚಪ್ಪಾಳೆ ತಟ್ಟಿತು, ಅವನು ಹೋಗಿ ಕೂತ. ಈ ಪ್ರಸಂಗವನ್ನು ನಮಗೆ ದಾಟಿಸಿದ್ದು ಗಣಿತಜ್ಞ ಇ. ಟಿ. ಬೆಲ್.

ನಾನೂ ಅದೇ ಗುಣಾಕಾರಕ್ಕೆ ಕೂತೆ. ಒಂಬತ್ತು ಅಂಕಿಯನ್ನು ಹನ್ನೆರಡು ಅಂಕಿಯಿಂದ ಗುಣಿಸುವುದು ಅಂದರೆ ಭಯ ಆಗುತ್ತದೆ ಅಲ್ವಾ? ಆದರೆ 193707721ನ್ನು ಸ್ವಲ್ಪ ದಿಟ್ಟಿಸಿ ನೋಡಿ. ಅದರಲ್ಲಿ ಮೂರು 7 ಇವೆ, ಎರಡು 1 ಇವೆ, ಒಂದು 0 ಇದೆ. ಹಾಗಾಗಿ ಹೊಸದಾಗಿ ಗುಣಿಸಬೇಕಾದ ಸಾಲುಗಳು ನಾಲ್ಕೇ. 761838257287ರ ಎರಡರಷ್ಟು 1523676514574, ಮೂರರಷ್ಟು 2285514771861, ಏಳರಷ್ಟು 5332867801009, ಒಂಬತ್ತರಷ್ಟು 6856544315583. ಮಿಕ್ಕಿದ್ದೆಲ್ಲ ಇವನ್ನೇ ಜಾಗ ಬದಲಿಸಿ ಬರೆಯುವುದು. ಚೌಕುಳಿ ಪುಸ್ತಕದಲ್ಲಿ ಒಂದೊಂದು ಮನೆಗೆ ಒಂದೊಂದು ಅಂಕಿ ಇಟ್ಟು ಎಂಟು ಸಾಲು ಬರೆದೆ, ಕೂಡಿದೆ. ಬಲಗಡೆಯಿಂದ 7, 2, 9, 2, 1, 4, 6 ಅಂತ ಒಂದೊಂದೇ ಅಂಕಿ ಇಳಿದು ಬರುವಾಗ ಮೈ ಜುಮ್ಮೆಂದಿತು. ಎಲ್ಲಾ 21 ಅಂಕಿಗಳೂ ತಾಳೆಯಾದವು.

ಒಂಬತ್ತು ಬಿಡುವ ತಾಳೆಯನ್ನೂ ನೋಡಿದೆ. ಮೊದಲ ಅಪವರ್ತನದ ಅಂಕಿಗಳ ಮೊತ್ತ 37, ಎರಡನೆಯದ್ದು 64, ಗುಣಲಬ್ಧದ್ದು 109. ಮೂರನ್ನೂ 9ರಿಂದ ಭಾಗಿಸಿದರೆ ಉಳಿಯುವುದು 1. ಈ ತಾಳೆ ನಡೆಯುವುದು 10ನ್ನು 9ರಿಂದ ಭಾಗಿಸಿದರೆ 1 ಉಳಿಯುವುದರಿಂದ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗುಣಿಸಿ ನೋಡುವುದು ಒಂದು ಸಂಜೆಯ ಕೆಲಸ. ಹುಡುಕಲು ಎಷ್ಟು ದಿನ ಹಿಡಿಯಿತು ಎಂದು ಕೇಳಿದ್ದಕ್ಕೆ ಕೋಲ್ ಹೇಳಿದ್ದು ಮೂರು ವರ್ಷಗಳ ಭಾನುವಾರಗಳು ಎಂದು. ನನ್ನ ತಲೆಯಲ್ಲಿ ಉಳಿದಿದ್ದ ಪ್ರಶ್ನೆ ಇದು: ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ ಅವನಿಗೆ ಎಲ್ಲಿಂದ ಬಂತು? ಸಂಖ್ಯೆ ನಿಜಕ್ಕೂ ಅವಿಭಾಜ್ಯವಾಗಿದ್ದರೆ ಅಷ್ಟೂ ಭಾನುವಾರಗಳು ನೀರುಪಾಲು.

ಧೈರ್ಯ ಕೊಟ್ಟವನು ಫ್ರೆಂಚ್ ಗಣಿತಜ್ಞ ಎಡುವಾರ್ ಲ್ಯೂಕಾ. 1876ರಲ್ಲೇ ಆತ ಈ ಸಂಖ್ಯೆ ಅವಿಭಾಜ್ಯ ಅಲ್ಲ ಎಂದು ತೋರಿಸಿದ್ದ. ಆದರೆ ಅದನ್ನು ಭಾಗಿಸುವ ಒಂದು ಸಂಖ್ಯೆಯನ್ನೂ ಅವನು ಕೊಡಲಿಲ್ಲ, ಕೊಡುವ ಅಗತ್ಯವೂ ಬೀಳಲಿಲ್ಲ. ಮೊದಲ ಸಲ ಕೇಳಿದಾಗ ಇದು ನನಗೆ ಒಪ್ಪಿಗೆಯೇ ಆಗಿರಲಿಲ್ಲ. ಅಪವರ್ತನ ತೋರಿಸದೆ ಒಡೆಯುತ್ತದೆ ಅನ್ನುವುದು ಹೇಗೆ? ಹಲಸಿನ ಹಣ್ಣನ್ನು ತಟ್ಟಿ ನೋಡಿ ಹಣ್ಣಾಗಿದೆ ಅಂತ ಹೇಳುವವರಿದ್ದಾರೆ, ಒಳಗೆ ಎಷ್ಟು ತೊಳೆ ಇದೆ ಅಂತ ತಿಳಿಯಲು ಕೊಯ್ಯಲೇಬೇಕು. ಲ್ಯೂಕಾನ ಪರೀಕ್ಷೆ ತಟ್ಟಿ ನೋಡುವ ಜಾತಿಯದ್ದು. ಅದನ್ನು ಡಿ. ಎಚ್. ಲೆಹ್ಮರ್ 1930ರ ದಶಕದಲ್ಲಿ ಚೊಕ್ಕ ಮಾಡಿದ ರೂಪದಲ್ಲಿ ನಾನು ಕಲಿತೆ.

ಪರೀಕ್ಷೆ ಹೀಗಿದೆ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ. ಬಂದದ್ದನ್ನು ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಮತ್ತೆ ವರ್ಗ, ಮತ್ತೆ 2 ಕಳೆಯುವುದು. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ 0 ಬಂದರೆ ಅವಿಭಾಜ್ಯ. ಬರದಿದ್ದರೆ ಅಲ್ಲ. ಘಾತ 2ಕ್ಕಿಂತ ದೊಡ್ಡ ಅವಿಭಾಜ್ಯವಾಗಿರಬೇಕು, ಅಷ್ಟೇ ಷರತ್ತು.

2ರ 7ನೇ ಘಾತದ 127ರಿಂದ ಶುರು ಮಾಡಿದೆ. 4, 14, 194. ಇಲ್ಲಿಂದ ಶೇಷ ತೆಗೆಯಬೇಕು. ಒಂಬತ್ತು ಬಿಡುವ ತಾಳೆ ಇಲ್ಲಿ ಇನ್ನೊಂದು ವೇಷದಲ್ಲಿ ಬರುತ್ತದೆ. 128ನ್ನು 127ರಿಂದ ಭಾಗಿಸಿದರೆ 1 ಉಳಿಯುತ್ತದೆ. ಹಾಗಾಗಿ 127ರಿಂದ ಭಾಗಿಸುವ ಗೋಜೇ ಬೇಡ. 128ರಿಂದ ಭಾಗಿಸಿ, ಭಾಗಲಬ್ಧವನ್ನೂ ಶೇಷವನ್ನೂ ಕೂಡಿದರೆ ಆಯಿತು. 194 ಅಂದರೆ ಒಂದು 128 ಮತ್ತು 66, ಕೂಡಿದರೆ 67. 67ರ ವರ್ಗದಿಂದ 2 ಕಳೆದರೆ 4487. ಅದು ಮೂವತ್ತೈದು 128 ಮತ್ತು 7, ಅಂದರೆ 42. ಮುಂದಿನದ್ದು 1762, ಹದಿಮೂರು 128 ಮತ್ತು 98, ಅಂದರೆ 111. ಕೊನೆಯದ್ದು 12319, ತೊಂಬತ್ತಾರು 128 ಮತ್ತು 31. ಕೂಡಿದರೆ 127. ಅಂದರೆ 0! ಐದನೇ ಹೆಜ್ಜೆಗೆ ಸರಿಯಾಗಿ ಸೊನ್ನೆ ಬಂದು ಕೂತಿತು. ಇದು ಯಾಕೆ ಹೀಗಾಗುತ್ತದೆ ಎಂಬ ಸಾಧನೆಯನ್ನು ಆಮೇಲೆ ಓದಿ ಅರ್ಥ ಮಾಡಿಕೊಂಡೆ. ಆದರೆ ಕಣ್ಣೆದುರು ಆ 0 ಬಂದಾಗ ಆದ ಸಂತೋಷವೇ ಬೇರೆ.

ಅದೇ ಪರೀಕ್ಷೆಯನ್ನು 11ನೇ ಘಾತದ 2047ಕ್ಕೂ ಮಾಡಿದೆ. 4, 14, 194, 788, 701, 119, 1877, 240, 282, 1736. ಒಂಬತ್ತನೇ ಹೆಜ್ಜೆಗೆ 1736 ಬಂತು, 0 ಅಲ್ಲ. ಹಾಗಾಗಿ 2047 ಸಂಯುಕ್ತ ಸಂಖ್ಯೆ. ಈಗ 1736ನ್ನು ಎಷ್ಟು ಹೊತ್ತು ನೋಡಿದರೂ 2047 ಎಂದರೆ 23 × 89 ಎಂಬುದು ಅದರಲ್ಲಿ ಕಾಣುವುದಿಲ್ಲ. ಲ್ಯೂಕಾ ಮಾತು ನನಗೆ ನಿಜವಾಗಿ ಅರ್ಥವಾದದ್ದು ಇಲ್ಲಿ. ಒಡೆಯುತ್ತದೆ ಎಂದು ಗೊತ್ತಾಗುವುದು ಒಂದು, ಎಲ್ಲಿ ಒಡೆಯುತ್ತದೆ ಎಂದು ಗೊತ್ತಾಗುವುದು ಇನ್ನೊಂದು. 67ಕ್ಕೆ 65 ಹೆಜ್ಜೆ ಬೇಕು. ಒಂದೊಂದು ಹೆಜ್ಜೆಯಲ್ಲೂ 21 ಅಂಕಿಯ ವರ್ಗ. ಅದನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕು ಸಾಲು ಬರೆದು ಓಡಿಸಿದೆ. ಕೊನೆಯ ಶೇಷ 0 ಅಲ್ಲ.

ಸರಿ, ಒಡೆಯುತ್ತದೆ. ಹುಡುಕುವುದು ಎಲ್ಲಿ? ಇಲ್ಲಿ ಗಣಿತ ನಮಗೆ ದೊಡ್ಡ ಉಪಕಾರ ಮಾಡುತ್ತದೆ. ಒಂದು ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಅಂತಿಟ್ಟುಕೊಳ್ಳಿ. ಆಗ ಅದರಿಂದ 2ರ 67ನೇ ಘಾತವನ್ನು ಭಾಗಿಸಿದರೆ 1 ಉಳಿಯಬೇಕು. 2ರ ಘಾತಗಳ ಶೇಷಗಳು ಒಂದು ಸುತ್ತಿನಲ್ಲಿ ತಿರುಗಿ ತಿರುಗಿ ಬರುತ್ತವೆ. ಆ ಸುತ್ತಿನ ಉದ್ದ 67ನ್ನು ಭಾಗಿಸಬೇಕು. 67 ಸ್ವತಃ ಅವಿಭಾಜ್ಯ, ಹಾಗಾಗಿ ಉದ್ದ 67 ಆಗಿರಲೇಬೇಕು. ಫರ್ಮಾನ ಕಿರು ಪ್ರಮೇಯದ ಪ್ರಕಾರ ಈ ಉದ್ದ, ನಮ್ಮ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಭಾಗಿಸುತ್ತದೆ. ಒಂದು ಕಡಿಮೆ ಇರುವ ಆ ಸಂಖ್ಯೆ ಸಮಸಂಖ್ಯೆ ಬೇರೆ. ಆದ್ದರಿಂದ ಅಪವರ್ತನ 134ಕ + 1 ಎಂಬ ರೂಪದಲ್ಲಷ್ಟೇ ಇರಬಹುದು, ಕ ಎಂದರೆ ಒಂದು ಪೂರ್ಣಾಂಕ. 2047ರಲ್ಲಿ ನೋಡಿ: 23 ಎಂದರೆ 22 + 1, 89 ಎಂದರೆ 4 × 22 + 1.

ಇನ್ನೊಂದು ಜರಡಿ ನನಗೆ ಇನ್ನೂ ಇಷ್ಟ. 67ನೇ ಘಾತದ ಶೇಷ 1 ಆದರೆ 68ನೇ ಘಾತದ ಶೇಷ 2. ಆದರೆ 68ನೇ ಘಾತ 34ನೇ ಘಾತದ ವರ್ಗ. ಅಂದರೆ ಆ ಅವಿಭಾಜ್ಯದ ಲೋಕದಲ್ಲಿ 2 ಒಂದು ವರ್ಗಸಂಖ್ಯೆ: ಒಂದು ವರ್ಗವನ್ನು ಅದರಿಂದ ಭಾಗಿಸಿದಾಗ ಉಳಿಯುವ ಶೇಷ. ಹಾಗೆ ಆಗುವುದು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯುವ ಅವಿಭಾಜ್ಯಗಳಲ್ಲಿ ಮಾತ್ರ. ಲೆಕ್ಕ ಹಾಕಿದರೆ, ಕ ವನ್ನು 4ರಿಂದ ಭಾಗಿಸಿದಾಗ 0 ಅಥವಾ 1 ಉಳಿಯಬೇಕು. ಒಂದೇ ಏಟಿಗೆ ಅರ್ಧ ಹೋಯಿತು.

ಈಗ ಕೈಯಲ್ಲಿ ಶುರು ಮಾಡಿದೆ. ಕ 1 ಆದರೆ 135, ಅವಿಭಾಜ್ಯವಲ್ಲ. 4 ಆದರೆ 537, ಮೂರರ ಗುಣಕ. 5ಕ್ಕೆ 671, ಅದು 11 × 61. 8ಕ್ಕೆ 1073, ಅದು 29 × 37. 9ಕ್ಕೆ 1207, ಅದು 17 × 71. 12ಕ್ಕೆ 1609. ಇದು ಅವಿಭಾಜ್ಯ, ಮೊದಲ ನಿಜವಾದ ಉಮೇದುವಾರ. ಪರೀಕ್ಷೆಗೆ 21 ಅಂಕಿಯನ್ನು ಭಾಗಿಸಬೇಕಿಲ್ಲ, ಘಾತಗಳ ಶೇಷ ಹಿಡಿದು ಹೋದರೆ ಸಾಕು. 2ರ 11ನೇ ಘಾತದ ಶೇಷ 439. 22ನೆಯದ್ದು 1250. 33ನೆಯದ್ದು ಬರೀ 81. 66ನೆಯದ್ದು 81ರ ವರ್ಗದಿಂದ 125. 67ನೆಯದ್ದು 250. 1 ಬರಲಿಲ್ಲ, ಹಾಗಾಗಿ 1609 ಅಲ್ಲ. ಮುಂದಿನ ಉಮೇದುವಾರ 3217. ಅದಕ್ಕೆ ಶೇಷ 197. ಅದೂ ಅಲ್ಲ.

ಇಲ್ಲಿ ಪೆನ್ನು ಕೆಳಗಿಟ್ಟೆ. ಉತ್ತರ ಗೊತ್ತಿದ್ದದ್ದರಿಂದ ದೂರ ಎಷ್ಟು ಅಂತ ಅಳೆಯಬಹುದಿತ್ತು. 193707721 ಎಂದರೆ 134 × 1445580 + 1. ಅಲ್ಲಿಯವರೆಗೆ ಅರ್ಧ ಜರಡಿ ಹಿಡಿದರೂ ಏಳು ಲಕ್ಷಕ್ಕೂ ಜಾಸ್ತಿ ಕ ಗಳು. 3, 5, 7ರ ಗುಣಕಗಳನ್ನು ತೆಗೆದರೂ ಮೂರು ಲಕ್ಷದ ಮೇಲೆ. ಅವಿಭಾಜ್ಯಗಳನ್ನಷ್ಟೇ ಇಟ್ಟುಕೊಂಡರೂ ನನ್ನ ಅಂದಾಜಿನಲ್ಲಿ ಸುಮಾರು 80 ಸಾವಿರ. ಕೋಲ್ ಹೀಗೆ ಒಂದೊಂದನ್ನೇ ಭಾಗಿಸುತ್ತಾ ಹೋಗಲಿಲ್ಲ. 2 ವರ್ಗವಾಗಬೇಕು ಎಂಬ ಜರಡಿಯ ಹಾಗೇ ಬೇರೆ ಬೇರೆ ಸಂಖ್ಯೆಗಳ ವರ್ಗಶೇಷಗಳನ್ನು ಹಿಡಿದು, ಒಂದರ ಮೇಲೊಂದು ಜರಡಿ ಹಾಕಿ, ಸಾಲನ್ನು ತೆಳ್ಳಗೆ ಮಾಡುತ್ತಾ ಹೋದ. ಆದರೂ ಮೂರು ವರ್ಷ. ಎರಡೇ ಎರಡು ಉಮೇದುವಾರರನ್ನು ಕೈಯಲ್ಲಿ ಪರೀಕ್ಷಿಸಿದ ನನಗೆ ಆ ಮನುಷ್ಯನ ತಾಳ್ಮೆಯ ಬಗ್ಗೆ ಬಹಳ ಗೌರವ ಬಂತು. ಕಂಪ್ಯೂಟರಿಗೆ ಮಾತ್ರ, ಜರಡಿ ಹಿಡಿದ ಅಷ್ಟೂ ಕ ಗಳನ್ನು ನೋಡಿ 193707721 ಎಂದು ಬರೆಯಲು ಒಂದೆರಡು ಸೆಕೆಂಡ್ ಸಾಕಾಯಿತು.

ಕಂಪ್ಯೂಟರ್ ಹೇಳಿದ್ದನ್ನು ಕೈಯಲ್ಲಿ ತಾಳೆ ನೋಡಿದ್ದು ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ. 2ರ 32ನೇ ಘಾತ 4294967296. ಅದರಿಂದ 193707721ರ 22ರಷ್ಟನ್ನು, ಅಂದರೆ 4261569862ನ್ನು ಕಳೆದರೆ 33397434. ಇದರ ವರ್ಗ 1115388597784356. ಇದನ್ನು 193707721ರಿಂದ ಭಾಗಿಸಿದರೆ ಭಾಗಲಬ್ಧ 5758100, ಶೇಷ 169494256. ಅದೇ 64ನೇ ಘಾತದ ಶೇಷ. ಇನ್ನು ಮೂರು ಸಲ ದ್ವಿಗುಣ ಮಾಡಬೇಕು, ಅಂದರೆ 8ರಿಂದ ಗುಣಿಸಬೇಕು: 1355954048. ಮತ್ತೆ 193707721ರ ಏಳರಷ್ಟು 1355954047. ಉಳಿದದ್ದು 1! ಒಂದು ವರ್ಗ, ಒಂದು ಭಾಗಾಕಾರ, ಒಂದು ಪುಟ. ಎರಡು ಶತಮಾನ ಅವಿಭಾಜ್ಯ ಎಂದು ಉಳಿದುಕೊಂಡಿದ್ದ ಸಂಖ್ಯೆ ಒಡೆಯುತ್ತದೆ ಎಂಬುದಕ್ಕೆ ಇಷ್ಟೇ ಸಾಕ್ಷಿ ಸಾಕು. ಹೈಸ್ಕೂಲ್ ಮಕ್ಕಳೂ ಇದನ್ನು ಮಾಡಬಹುದು, ಮಾಡಿಸಬೇಕು ಎಂದೇ ನನ್ನ ಆಸೆ.

ಇನ್ನೊಂದು ವಿಷಯ ಹೇಳಲೇಬೇಕು. 193707721ರಿಂದ 1 ಕಳೆದು ಒಡೆದು ನೋಡಿದೆ. 8 × 27 × 5 × 67 × 2677. ಎಲ್ಲಾ ಪುಟ್ಟ ಪುಟ್ಟ ಅವಿಭಾಜ್ಯಗಳು. ಇಂಥ ಅಪವರ್ತನಗಳನ್ನು ಹಿಡಿಯಲೆಂದೇ ಜಾನ್ ಪೊಲಾರ್ಡ್ 1974ರಲ್ಲಿ ಒಂದು ವಿಧಾನ ಕೊಟ್ಟ. ಒಂದು ಸಂಖ್ಯೆಯನ್ನು ಬಹಳ ಅಪವರ್ತನಗಳಿರುವ ದೊಡ್ಡ ಘಾತಕ್ಕೆ ಏರಿಸಿ, 1 ಕಳೆದು, ಮೂಲ ಸಂಖ್ಯೆಯ ಜೊತೆ ಮ.ಸಾ.ಅ. ತೆಗೆಯುವುದು. ಇಲ್ಲಿ 2ನ್ನು ಏರಿಸಿದರೆ ಪ್ರಯೋಜನವಿಲ್ಲ. 67ನೇ ಘಾತಕ್ಕೇ ಎರಡೂ ಅಪವರ್ತನಗಳಲ್ಲಿ ಶೇಷ 1 ಆಗಿಬಿಡುತ್ತದೆ, ಮ.ಸಾ.ಅ. ಎಂದು ಪೂರ್ತಿ ಸಂಖ್ಯೆಯೇ ವಾಪಸ್ ಬರುತ್ತದೆ. 3ನ್ನು ಏರಿಸಬೇಕು. 2677ರವರೆಗಿನ ಎಲ್ಲಾ ಸಂಖ್ಯೆಗಳ ಲ.ಸಾ.ಅ.ವನ್ನು ಘಾತವಾಗಿ ಕೊಟ್ಟೆ. 193707721 ತಾನಾಗಿ ಹೊರಗೆ ಬಂತು. ಕೈಯಲ್ಲಿ ಮಾಡಿದರೆ ಇದಕ್ಕೆ ನಾಲ್ಕು ಸಾವಿರದ ಹತ್ತಿರ ವರ್ಗಗಳು ಬೇಕು, ಅದೂ 21 ಅಂಕಿಯವು. ಕೋಲ್‌ಗೆ ಈ ದಾರಿ ಗೊತ್ತಿದ್ದರೂ ಭಾನುವಾರಗಳೇನೂ ಉಳಿಯುತ್ತಿರಲಿಲ್ಲವೇನೋ.

ತಟ್ಟಿ ನೋಡುವ ಕಡೆ ನಮ್ಮ ದೇಶದ ಕೆಲಸವೂ ಇದೆ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ಪರೀಕ್ಷೆ ಕೊಟ್ಟರು. ಲ್ಯೂಕಾನದ್ದು 2ರ ಘಾತದಿಂದ 1 ಕಳೆದಾಗ ಸಿಗುವಂಥ ವಿಶೇಷ ಸಂಖ್ಯೆಗಳಿಗೆ. ಇವರದ್ದು ಯಾವ ಸಂಖ್ಯೆಗಾದರೂ ಸರಿ. ಯಾವ ಊಹೆಯನ್ನೂ ಆಧರಿಸದೆ, ಅದೃಷ್ಟಕ್ಕೂ ಬಿಡದೆ, ಸಂಖ್ಯೆಯ ಅಂಕಿಗಳು ಹೆಚ್ಚಿದಂತೆ ಕೆಲಸ ಕೈಮೀರಿ ಬೆಳೆಯದ ಹಾಗೆ, ಅವಿಭಾಜ್ಯ ಹೌದೋ ಅಲ್ಲವೋ ಎಂದು ಅದು ತೀರ್ಮಾನಿಸುತ್ತದೆ. ಅಪವರ್ತನ ಮಾತ್ರ ಅದೂ ಕೊಡುವುದಿಲ್ಲ. ಸಾಮಾನ್ಯ ಕಂಪ್ಯೂಟರಿನಲ್ಲಿ ಯಾವ ಸಂಖ್ಯೆಯನ್ನಾದರೂ ಅಷ್ಟೇ ಸಲೀಸಾಗಿ ಒಡೆಯುವ ದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಕಟ್ಟಿದ ಗುಪ್ತಲಿಪಿ ನಿಂತಿರುವುದು ಈ ಅಂತರದ ಮೇಲೆಯೇ. ಗುಣಿಸುವುದು ಸುಲಭ, ಒಡೆಯುವುದು ಕಷ್ಟ. ಚೌಕುಳಿ ಪುಸ್ತಕದಲ್ಲಿ ಎಂಟು ಸಾಲು ಗುಣಿಸಿ, 1609ಕ್ಕೂ 3217ಕ್ಕೂ ತಲೆ ಕೊಟ್ಟ ಮೇಲೆ ಆ ಮಾತು ನನಗೆ ಬರೀ ಓದಿದ ಮಾತಾಗಿ ಉಳಿದಿಲ್ಲ.

67ರ ಕೆಲಸ ಮುಗಿದ ಮೇಲೆ ಅದೇ ಪೈಥಾನ್ ಸಾಲುಗಳನ್ನು 1277ಕ್ಕೆ ಓಡಿಸಿದೆ. 2ರ 1277ನೇ ಘಾತದಿಂದ 1 ಕಳೆದರೆ 385 ಅಂಕಿಯ ಸಂಖ್ಯೆ. 1275 ಹೆಜ್ಜೆಗಳು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದವು. ಶೇಷ 0 ಅಲ್ಲ, ಹಾಗಾಗಿ ಅವಿಭಾಜ್ಯವಲ್ಲ. ಆದರೆ ಇದರ ಒಂದು ಅಪವರ್ತನವೂ ಈವರೆಗೆ ಯಾರಿಗೂ ಸಿಕ್ಕಿಲ್ಲ. 1876ರಿಂದ 1903ರವರೆಗೆ 67ರದ್ದು ಯಾವ ಸ್ಥಿತಿಯಾಗಿತ್ತೋ, ಇವತ್ತು 1277ರದ್ದು ಅದೇ ಸ್ಥಿತಿ. ಮರ್ಸೆನ್ ಸಾಲಿನಲ್ಲಿ ಹೀಗೆ ಉಳಿದಿರುವ ಸಂಖ್ಯೆಗಳಲ್ಲಿ ಇದೇ ಚಿಕ್ಕದು, ಲೋಕದ ಹಲವು ಕಡೆ ಜನ ತಮ್ಮ ಕಂಪ್ಯೂಟರುಗಳನ್ನು ಇದಕ್ಕೇ ಹಚ್ಚಿದ್ದಾರೆ. ಸಿಗಬೇಕಾದ ಅವಿಭಾಜ್ಯ 2554ಕ + 1 ಎಂಬ ರೂಪದಲ್ಲಿರುತ್ತದೆ. ಈ ಸಲ ಕ ವನ್ನು 4ರಿಂದ ಭಾಗಿಸಿದರೆ 0 ಅಥವಾ 3 ಉಳಿಯಬೇಕು. ಸಣ್ಣ ಕ ಗಳನ್ನೆಲ್ಲ ಜನ ಯಾವತ್ತೋ ನೋಡಿ ಮುಗಿಸಿದ್ದಾರೆ.